ಕಣ್ಣಿಗೆ ಕಾಣದ ಹೊಳೆ

ನಂಜನಗೂಡನ್ನು ಹಾದು ಹೋಗುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಸ್ಫಟಿಕ ಸರೋವರವೆಂಬ, ಕಣ್ಣಿಗೆ ಕಾಣದ ಮೂರನೆಯ ತೀರ್ಥವೂ ಬೆರೆಯುತ್ತದೆಂಬುದು ಭಕ್ತರ ನಂಬಿಕೆ. ಈ ಎರಡೂ ಊರುಗಳ ಹಿರಿಯರು ಮಕ್ಕಳಿಗೆ ಹೊಳೆಯನ್ನು ನಿಷೇಧಿಸಿದವರಲ್ಲ. ಕೈಹಿಡಿದು ಮೆಟ್ಟಿಲಿಳಿಸಿದರು, ಎಲ್ಲಿ ಪಾಚಿ, ಎಲ್ಲಿ ಸುಳಿ ಎಂಬುದನ್ನು ತೋರಿದರು, ಕಾಲು ಜಾರಿದರೆ ಕೂಗಿಕೊಳ್ಳಬೇಕೆಂದು ಹೇಳಿಕೊಟ್ಟರು. ಇಂದು ನಮ್ಮ ಮಕ್ಕಳು ಇಳಿದಿರುವ ಅಂತರ್ಜಾಲವೂ ಕಣ್ಣಿಗೆ ಕಾಣದ ಒಂದು ಹೊಳೆಯೇ. ಅಲ್ಲಿ ಕೂಗಿಕೊಳ್ಳುವುದನ್ನು ಮಾತ್ರ ನಾವು ಅವರಿಗೆ ಕಲಿಸಿಲ್ಲ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನರಸೀಪುರದಿಂದ ಬಂದಿದ್ದರು. ಅವರ ಮಗ ಹತ್ತನೆಯ ತರಗತಿಯ ಹುಡುಗ. ಹುಡುಗಿಯ ಹೆಸರಿನಲ್ಲಿ ಯಾರೋ ಅಪರಿಚಿತರು ಅವನ ಸ್ನೇಹ ಬೆಳೆಸಿ, ಪುಸಲಾಯಿಸಿ, ಕಳುಹಿಸಬಾರದ ಭಾವಚಿತ್ರವೊಂದನ್ನು ತರಿಸಿಕೊಂಡರು. ಮರುಗಳಿಗೆಯೇ ಹಣದ ಬೇಡಿಕೆ, ಎಲ್ಲರಿಗೂ ಹಂಚುವ ಬೆದರಿಕೆ. ಹುಡುಗ ತಂದೆಯ ಫೋನಿನಿಂದ ಎರಡು ಬಾರಿ ಹಣ ಕಳುಹಿಸಿದ. ಮೂರು ವಾರ ಅನ್ನ ನಿದ್ರೆಗಳನ್ನು ಬಿಟ್ಟ. ಏಕೆ ಹೇಳಲಿಲ್ಲವೆಂದು ಕೇಳಿದರೆ, "ಫೋನು ಕಿತ್ತುಕೊಳ್ಳುತ್ತಿದ್ದಿರಿ, ಎಲ್ಲರ ಮುಂದೆ ಬೈಯುತ್ತಿದ್ದಿರಿ" ಎಂದನಂತೆ. ಕೇಳಿ ನಾನು ತಲೆತಗ್ಗಿಸಿದೆ. ತರಗತಿಯಲ್ಲಿ ಫೋನು ಕಂಡೊಡನೆ ಕಿತ್ತಿಟ್ಟು, ಎಲ್ಲರೆದುರು ಗದರಿದವರಲ್ಲಿ ನಾನೂ ಒಬ್ಬ.

ಇಂಥ ವಂಚಕನ ಬಂಡವಾಳ ಭಾವಚಿತ್ರವಲ್ಲ, ಮಗುವಿನ ನಾಚಿಕೆ ಎಂಬುದನ್ನು ನಾವು ಅರಿಯಬೇಕು. ಮಗು ಮನೆಯವರಿಂದ ಬಚ್ಚಿಟ್ಟಷ್ಟು ದಿನ ಅವನ ವ್ಯಾಪಾರ ನಡೆಯುತ್ತದೆ. ಹಣ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಕೊಡುವವನೆಂದು ತಿಳಿದು ಹೆಚ್ಚುತ್ತದೆ. ಆದುದರಿಂದ ಹಣ ಕೊಡಬಾರದು. ಗಾಬರಿಯಿಂದ ಸಂದೇಶಗಳನ್ನು ಅಳಿಸಲೂ ಬಾರದು, ಅವೇ ಸಾಕ್ಷ್ಯ. ಅವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಖಾತೆಯ ಹೆಸರನ್ನು ಬರೆದುಕೊಂಡು, ಅನಂತರ ಆ ವ್ಯಕ್ತಿಯನ್ನು ಬ್ಲಾಕ್ ಮಾಡಬೇಕು.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ಅದನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಮಕ್ಕಳ ಚಿತ್ರಗಳ ದುರ್ಬಳಕೆಯ ಬಗೆಗೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ತಿಳಿಸದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಇದೆ. ಅಮೆರಿಕದ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಉಂಟು: ಚಿತ್ರವು ಫೋನಿನಿಂದ ಹೊರಹೋಗದೆಯೇ ಅದರ ಬೆರಳಚ್ಚಿನಂಥ ಗುರುತೊಂದು ಸಿದ್ಧವಾಗುತ್ತದೆ, ಅದರ ನೆರವಿನಿಂದ, ಸೇವೆಯಲ್ಲಿ ಪಾಲುಗೊಂಡ ಕಂಪನಿಗಳು ಆ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ಹದಿನೆಂಟು ತುಂಬದವರ ಇಂಥ ಚಿತ್ರಗಳನ್ನು ಹರಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಶಿಕ್ಷಾರ್ಹ ಅಪರಾಧ; 2012ರ ಪೋಕ್ಸೋ ಕಾಯಿದೆಯೂ ಮಕ್ಕಳ ರಕ್ಷಣೆಗೆ ನಿಂತಿದೆ.

ಆದರೆ ಈ ಎಲ್ಲ ಬಾಗಿಲುಗಳನ್ನು ತಟ್ಟುವ ಮೊದಲು ಮಗು ಮನೆಯಲ್ಲಿ ಬಾಯಿಬಿಡಬೇಕಲ್ಲವೆ? "ಏನೇ ಆಗಿರಲಿ, ಮೊದಲು ನನಗೆ ಹೇಳು, ನಾನು ಬೈಯುವುದಿಲ್ಲ" ಎಂಬ ಮಾತನ್ನು ಆಪತ್ತು ಬರುವ ಮುನ್ನವೇ ಆಡಿರಬೇಕು. ಆಡಿದ ಮೇಲೆ ಅದನ್ನು ನಡೆಸಿಕೊಡಬೇಕು. ಒಮ್ಮೆ ತಪ್ಪಿದರೆ ಮಗು ಮತ್ತೆ ಹೇಳಲಾರದು.

ಆ ತಂದೆ ಮಗನ ಫೋನನ್ನು ಕಿತ್ತುಕೊಳ್ಳಲಿಲ್ಲ. ರಾತ್ರಿಯಾದರೆ ಮನೆಯವರೆಲ್ಲರ ಫೋನುಗಳೂ, ತಂದೆಯದೂ ಸೇರಿ, ನಡುಮನೆಯ ಮೇಜಿನ ಮೇಲಿರುತ್ತವೆ. ಹುಡುಗ ಈಗ ಹೊಟ್ಟೆತುಂಬ ಉಣ್ಣುತ್ತಾನೆಂದು ಅವರು ಮೊನ್ನೆ ತಿಳಿಸಿದರು.