ಉಣ್ಣೆಯ ಉಗ್ರಾಣ ಮನೆಗಳ ಸಾಲಾಯಿತು



ಇಂಗ್ಲೆಂಡ್ ಅಂದ ಕೂಡಲೇ ನಮಗೆ ಲಂಡನ್ ನೆನಪಾಗುತ್ತೆ. ಆದರೆ ಅಲ್ಲಿಯೂ ಹಳ್ಳಿಗಳಿವೆ. ಗ್ಲಾಸ್ಟರ್‌ಶೈರ್ ಎಂಬ ಸೀಮೆಯಲ್ಲಿ ಬೈಬರಿ ಎಂಬ ಹಳ್ಳಿ ಇದೆ. ಅಲ್ಲಿ ಸಣ್ಣ ಹೊಳೆಯ ಹತ್ತಿರ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಕಲ್ಲಿನ ಮನೆಗಳಿವೆ. ಅದಕ್ಕೆ ಆರ್ಲಿಂಗ್ಟನ್ ರೋ ಅಂತ ಹೆಸರು. ರೋ ಅಂದರೆ ಸಾಲು.

ಇವು ಮೊದಲು ಮನೆಗಳೇ ಅಲ್ಲ! ಸುಮಾರು 1380ರಲ್ಲಿ ಕ್ರೈಸ್ತ ಸನ್ಯಾಸಿಗಳ ಮಠದ ಉಣ್ಣೆ ತುಂಬಿಡಲು ಇದನ್ನು ಉಗ್ರಾಣವಾಗಿ ಕಟ್ಟಿದರು. ಆ ಸೀಮೆಗೆ ಆಗ ಕುರಿಯ ಉಣ್ಣೆಯೇ ದೊಡ್ಡ ಸಂಪತ್ತು. 17ನೇ ಶತಮಾನದಲ್ಲಿ ಉಗ್ರಾಣವನ್ನು ಭಾಗ ಮಾಡಿ ನೇಕಾರರಿಗೆ ಮನೆಗಳನ್ನಾಗಿ ಮಾಡಿದರು.

ನೇಕಾರರು ನೇಯ್ದ ಬಟ್ಟೆ ಹತ್ತಿರದ ಗಿರಣಿಗೆ ಹೋಗುತ್ತಿತ್ತು. ಅಲ್ಲಿ ನೀರಿನ ಬಲದಿಂದ ಅದನ್ನು ಕುಟ್ಟಿ, ಜಿಡ್ಡು ತೆಗೆದು, ದಪ್ಪ ಮಾಡುತ್ತಿದ್ದರು. ಆಮೇಲೆ ಮನೆಗಳ ಮುಂದಿನ ಹುಲ್ಲುಗಾವಲಿನಲ್ಲಿ ಮರದ ಚೌಕಟ್ಟುಗಳಿಗೆ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಇಂಥ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ರ‍್ಯಾಕ್ ಅನ್ನುತ್ತಾರೆ. ಅದಕ್ಕೇ ಆ ಜಾಗಕ್ಕೆ ಇವತ್ತಿಗೂ ರ‍್ಯಾಕ್ ಐಲ್ ಅಂತಲೇ ಹೆಸರು.

ಇನ್ನು ಕಟ್ಟಿದ ರೀತಿ ನೋಡೋಣ. ಗೋಡೆಗೆ ಅದೇ ಸೀಮೆಯ ಸುಣ್ಣದಕಲ್ಲು. ಅದರ ಬಣ್ಣ ಜೇನಿನಂತೆ. ಮಾಡಿಗೆ ಮಣ್ಣಿನ ಹೆಂಚು ಇಲ್ಲ, ತೆಳುವಾಗಿ ಸೀಳಿದ ಕಲ್ಲಿನ ಬಿಲ್ಲೆಗಳು. ಹೆಂಚಿನಂತೆಯೇ ಒಂದರ ಮೇಲೊಂದು ಸ್ವಲ್ಪ ಏರುವಂತೆ ಇವನ್ನು ಜೋಡಿಸುತ್ತಾರೆ. ಕೆಳಗೆ ದೊಡ್ಡ ಕಲ್ಲು, ಮೇಲೆ ಹೋದಂತೆ ಚಿಕ್ಕ ಕಲ್ಲು. ಯಾಕೆ ಗೊತ್ತೇ? ಮಾಡಿನ ಮಳೆನೀರೆಲ್ಲ ಕೆಳಗಿನ ಅಂಚಿಗೇ ಬರುತ್ತೆ. ದೊಡ್ಡ ಕಲ್ಲಿದ್ದರೆ ಅಲ್ಲಿ ಸಂದು ಕಡಿಮೆ. ಭಾರದ ಕಲ್ಲುಗಳು ಗೋಡೆಯ ಹತ್ತಿರವೇ ಕೂತಂತೆಯೂ ಆಯಿತು. ನೀರು ನಿಲ್ಲದೆ ಜಾರಿಹೋಗಲಿ ಅಂತ ಮಾಡನ್ನು ಬಹಳ ಕಡಿದಾಗಿ ಇಳಿಸಿದ್ದಾರೆ. ಇದರಿಂದ ಮಾಡಿನ ಕೆಳಗೆ ಅಟ್ಟದ ಕೋಣೆಗೂ ಜಾಗ ಸಿಕ್ಕಿದೆ. ಅಲ್ಲಿಗೆ ಬೆಳಕು ಬರಲು ಮಾಡಿನಲ್ಲೇ ಪುಟ್ಟ ಕಿಟಕಿಗಳಿವೆ.

ಈಗ ಈ ಸಾಲು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದೆ. ಹಳೆಯ ಕಟ್ಟಡಗಳನ್ನು ಕಾಪಾಡುವ ಈ ಸಂಸ್ಥೆ 1895ರಲ್ಲಿ ಶುರುವಾಯಿತು. ಆದರೂ ಇದು ಬರೀ ನೋಡುವ ಸ್ಥಳ ಅಲ್ಲ. ಇಲ್ಲಿ ಇಂದಿಗೂ ಜನ ಬಾಡಿಗೆಗಿದ್ದಾರೆ. ಪ್ರವಾಸಿಗರು ಬಸ್ಸುಗಟ್ಟಲೆ ಬಂದು ಬಾಗಿಲ ಮುಂದೆಯೇ ಫೋಟೋ ತೆಗೀತಾರೆ. ಒಳಗಿರುವವರಿಗೆ ಎಷ್ಟು ಕಿರಿಕಿರಿ ಆಗಬಹುದು, ಯೋಚಿಸಿ!

ಉಣ್ಣೆ ಇಡುವ ಕೆಲಸ ಮುಗಿಯಿತು ಅಂತ ಅಂದೇ ಕೆಡವಿದ್ದರೆ ಈ ಸಾಲು ಇರುತ್ತಿರಲಿಲ್ಲ. ಹೊಸ ಕೆಲಸಕ್ಕೆ ಬಳಸಿದ್ದರಿಂದ ಆರುನೂರು ವರ್ಷ ದಾಟಿಯೂ ನಿಂತಿದೆ. ಹಳೆಯ ಕಟ್ಟಡ ಕಂಡರೆ ಕೆಡವುವ ಮೊದಲು, ಇದು ಬೇರೆ ಯಾವುದಕ್ಕಾದರೂ ಬರುತ್ತಾ ಅಂತ ಕೇಳಬೇಕು, ಅಲ್ಲವೇ?

– 7ನೇ ತರಗತಿ