ಅರಿಸಿನದ ಬಣ್ಣದ ವಿಷಯದಲ್ಲಿ ವಿವಿಧ ಶಾಸ್ತ್ರಗಳ ಶೋಧನೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ನೀರಿನ ಅನುಕೂಲವುಳ್ಳ ಜಮೀನುಗಳಿಗೆ ಅರಿಸಿನವು ಒಂದು ಮುಖ್ಯವಾದ ಹಣದ ಬೆಳೆಯಾಗಿರುವುದು. ಮುಂಗಾರಿನ ಹೊತ್ತಿಗೆ ನೆಟ್ಟ ಗಡ್ಡೆಯು ಏಳರಿಂದ ಒಂಬತ್ತು ತಿಂಗಳುಗಳವರೆಗೆ ಭೂಮಿಯಲ್ಲಿದ್ದು, ಗೊಬ್ಬರ, ನೀರು, ಕಳೆ, ಕೂಲಿಗಳ ವೆಚ್ಚವನ್ನೆಲ್ಲಾ ನುಂಗುವುದು. ಇಷ್ಟು ದಿನಗಳ ದುಡಿಮೆಯ ಫಲವಾದರೋ ಮಾರುಕಟ್ಟೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಿರ್ಧಾರವಾಗಿಬಿಡುವುದು. ಈರೋಡಿನ ಮಂಡಿಯಲ್ಲಾಗಲಿ, ಚಾಮರಾಜನಗರದ ಮಾರುಕಟ್ಟೆಯಲ್ಲಾಗಲಿ, ವರ್ತಕನು ಕೊಂಬನ್ನು ಮುರಿದು ಒಳಗಿನ ಬಣ್ಣವನ್ನು ನೋಡಿ ಬೆಲೆ ಹೇಳುವನು. ಆದುದರಿಂದ ಈ ಬಣ್ಣವೆಂಬುದು ಏನು, ಅದು ಹೇಗೆ ಉಳಿಯುವುದು, ಹೇಗೆ ಕೆಡುವುದು ಎಂಬುದನ್ನು ಗ್ರಾಮದ ಯಜಮಾನರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕವು.

ಶಾಸ್ತ್ರಶೋಧನೆಯು ಪಂಡಿತರ ವಿನೋದವೆಂದೂ, ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ಅನೇಕರು ಭಾವಿಸುವುದುಂಟು. ಆದರೆ ಅರಿಸಿನದ ಈ ಒಂದು ಗಡ್ಡೆಯ ವಿಷಯದಲ್ಲಿ ರಸಾಯನಶಾಸ್ತ್ರ, ಪ್ರಾಕ್ತನಶಾಸ್ತ್ರ, ವೈದ್ಯ, ನ್ಯಾಯ ಇವೆಲ್ಲವೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಸೇರಿರುವುವು. ಇವುಗಳ ಫಲವು ಬೆಳೆಗಾರನ ಬೆಲೆಗೂ, ತಿನ್ನುವವರ ಆರೋಗ್ಯಕ್ಕೂ ನೇರವಾಗಿ ಸಂಬಂಧಿಸಿದ್ದಾಗಿದೆ.

ರಸಾಯನಶಾಸ್ತ್ರವು ತಿಳಿಸುವ ಸಂಗತಿ

೧೮೧೫ನೆಯ ಇಸವಿಯಲ್ಲಿ ವೋಗೆಲ್, ಪೆಲ್ಲೆಟಿಯೆ ಎಂಬ ಯುರೋಪಿನ ಇಬ್ಬರು ರಸಾಯನಜ್ಞರು ಅರಿಸಿನದಿಂದ ಹಳದಿಯ ಪದಾರ್ಥವನ್ನು ಬೇರ್ಪಡಿಸಿ ಅದಕ್ಕೆ ಕರ್ಕ್ಯುಮಿನ್ ಎಂದು ಹೆಸರಿಟ್ಟರು. ಅದರ ಒಳರಚನೆಯು ೧೯೧೦ರಲ್ಲಿ ಪೋಲೆಂಡಿನ ವಿದ್ವಾಂಸರಿಂದ ನಿಶ್ಚಯವಾಯಿತು. ಇದು ಇಂಗಾಲ, ಜಲಜನಕ, ಆಮ್ಲಜನಕ ಈ ಮೂರರಿಂದಲೇ ಆದುದು. ಲೋಹದ ಅಂಶವು ಇದರಲ್ಲಿ ಎಳ್ಳಷ್ಟೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡತಕ್ಕದ್ದು. ಮುಂದೆ ಇದರ ಉಪಯೋಗ ತಿಳಿಯುವುದು.

ಕರ್ಕ್ಯುಮಿನ್ನಿನ ಕೆಲವು ಗುಣಗಳು ಪ್ರತಿ ಮನೆಯಲ್ಲಿಯೂ ಕಂಡವೇ ಆಗಿವೆ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿಯು ಕೆಂಪಾಗುವುದು ಕ್ಷಾರವು ಸೋಕಿದೊಡನೆ ಈ ಪದಾರ್ಥವು ಬಣ್ಣ ಬದಲಿಸುವುದರಿಂದಲೇ. ಇದು ಎಣ್ಣೆಯಲ್ಲಿ ಕರಗುವುದೇ ಹೊರತು ತಣ್ಣೀರಿನಲ್ಲಿ ಕರಗುವುದಿಲ್ಲ. ಬೆಳಕಿಗೆ ಇದು ಅಂಜುವುದು. ಅರಿಸಿನ ಹಚ್ಚಿದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಬಣ್ಣ ಹಾರುವುದಕ್ಕೆ ಇದೇ ಕಾರಣ. ಆದಕಾರಣ ಪುಡಿಯನ್ನು ಬೆಳಕು ತಾಕದ ಡಬ್ಬಿಯಲ್ಲಿಡುವುದು ಯುಕ್ತ.

ಒಣಗಿದ ಅರಿಸಿನದಲ್ಲಿ ಈ ಪದಾರ್ಥವು ಸಾಧಾರಣವಾಗಿ ಶೇಕಡ ೨ರಿಂದ ೫ರವರೆಗೆ ಇರುವುದು. ಕೋಳಿಕ್ಕೋಡಿನ ಭಾರತೀಯ ಮಸಾಲೆ ಬೆಳೆಗಳ ಸಂಶೋಧನಾ ಸಂಸ್ಥೆಯು ಬಿಡುಗಡೆಮಾಡಿದ ಪ್ರತಿಭಾ ಎಂಬ ತಳಿಯಲ್ಲಿ ಇದು ಶೇಕಡ ೬ರ ಆಸುಪಾಸಿನಲ್ಲಿದೆ. ಅರಿಸಿನವು ಬೀಜದಿಂದಲ್ಲದೆ ಗಡ್ಡೆಯಿಂದಲೇ ವೃದ್ಧಿಯಾಗುವ ಬೆಳೆಯಾದುದರಿಂದ, ಬಿತ್ತನೆಗೆ ಆರಿಸಿದ ಗಡ್ಡೆಯ ಗುಣವೇ ಮುಂದಿನ ಬೆಳೆಗೂ ಇಳಿಯುವುದು. ಅದರ ರೋಗವೂ ಹಾಗೆಯೇ.

ಪ್ರಾಕ್ತನಶಾಸ್ತ್ರದ ಸಾಕ್ಷ್ಯ

ಹರಿಯಾಣದ ರೋಹತಕ್ ಜಿಲ್ಲೆಯಲ್ಲಿ ಫರ್ಮಾಣಾ ಎಂಬ ಗ್ರಾಮವುಂಟು. ಅಲ್ಲಿ ಸಿಂಧೂ ನಾಗರಿಕತೆಯ ಕಾಲದ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯ ನೆಲೆಯನ್ನು ಅಗೆದಾಗ ದೊರೆತ ಅಡಿಗೆಯ ಮಡಕೆಗಳನ್ನೂ ಮನುಷ್ಯರ ಹಲ್ಲುಗಳನ್ನೂ ವಿದ್ವಾಂಸರು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದರು. ಅವುಗಳಲ್ಲಿ ಅಂಟಿಕೊಂಡಿದ್ದ ಪಿಷ್ಟದ ಕಣಗಳು ಶುಂಠಿ ಮತ್ತು ಅರಿಸಿನದವೆಂದು ಗೊತ್ತಾಯಿತು. ಪ್ರತಿ ಸಸ್ಯದ ಪಿಷ್ಟಕ್ಕೂ ತನ್ನದೇ ಆದ ಆಕಾರವಿರುವುದರಿಂದ ಹೀಗೆ ಗುರುತಿಸುವುದು ಸಾಧ್ಯವಾಗುವುದು. ಇಸ್ರೇಲಿನ ಮೆಗಿಡ್ಡೊ ಎಂಬ ಪ್ರಾಚೀನ ಪಟ್ಟಣದಲ್ಲಿ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಹೂಳಲ್ಪಟ್ಟವರ ಹಲ್ಲಿನ ಪಾಚಿಯಲ್ಲಿಯೂ ಅರಿಸಿನದ ಕುರುಹು ಸಿಕ್ಕಿತೆಂದು ೨೦೨೦ರಲ್ಲಿ ಪ್ರಕಟವಾಯಿತು. ಈ ಗಡ್ಡೆಯು ಅಷ್ಟು ಹಿಂದೆಯೇ ಏಷ್ಯದ ದೂರದೇಶಗಳನ್ನು ಮುಟ್ಟಿತ್ತೆಂದು ಇದರಿಂದ ಊಹಿಸಬಹುದು.

ಹಳೆಯ ಗ್ರಂಥಗಳ ಬಲ

ಪುರಾತನವಾದ ಅರಿವು ಬರಿಯ ಹೆಮ್ಮೆಗಾಗಿ ಅಲ್ಲ, ಅದು ಹಕ್ಕನ್ನೂ ಕಾಯುವುದು. ೧೯೯೫ರ ಮಾರ್ಚಿ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯಕ್ಕೆ ಅರಿಸಿನ ಹಚ್ಚಿ ಗುಣಪಡಿಸುವ ಕ್ರಮದ ಮೇಲೆ ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕು ದೊರೆಯಿತು. ನಮ್ಮ ಅಜ್ಜಿಯರು ಮಾಡುತ್ತಿದ್ದುದೇ ಹೊಸ ಶೋಧನೆಯೆಂದು ದಾಖಲಾದಂತಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯು ಇದನ್ನು ಪ್ರಶ್ನಿಸಿ, ಸಂಸ್ಕೃತ, ಹಿಂದಿ, ಉರ್ದು ಭಾಷೆಗಳ ಹಳೆಯ ಗ್ರಂಥಗಳನ್ನೂ, ೧೯೫೩ರಲ್ಲಿ ಭಾರತೀಯ ವೈದ್ಯರ ಪತ್ರಿಕೆಯಲ್ಲಿ ಅಚ್ಚಾದ ಲೇಖನವನ್ನೂ ಸಾಕ್ಷ್ಯವಾಗಿ ಒಪ್ಪಿಸಿತು. ೧೯೯೭ರಲ್ಲಿ ಆ ಹಕ್ಕು ರದ್ದಾಯಿತು.

ಸೀಸದ ಬಣ್ಣದ ಅಪಾಯ

ಇಷ್ಟು ಕೀರ್ತಿಯುಳ್ಳ ಪದಾರ್ಥವನ್ನು ಒಂದು ಚಿಟಿಕೆ ಪುಡಿಯಿಂದ ಕೆಡಿಸಬಹುದೆಂಬುದಕ್ಕೆ ಬಾಂಗ್ಲಾದೇಶದ ವೃತ್ತಾಂತವೇ ನಿದರ್ಶನ. ಅಲ್ಲಿ ೧೯೮೦ರ ದಶಕದಲ್ಲಿ ನೆರೆಯುಂಟಾಗಿ ಅರಿಸಿನವು ಸರಿಯಾಗಿ ಒಣಗದೆ ಮಂಕಾಯಿತು. ಮಂಕಾದ ಸರಕನ್ನು ಹೊಳಪಿಸಲು ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣವನ್ನು ಪಾಲಿಷ್ ಮಾಡುವಾಗ ಹಚ್ಚುವ ದುರಭ್ಯಾಸವು ಆಗ ಹುಟ್ಟಿ, ನೆರೆ ಇಳಿದ ಮೇಲೆಯೂ ಮುಂದುವರಿಯಿತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುವ ವಿಷ. ಇಷ್ಟರವರೆಗೆ ಕ್ಷೇಮವೆಂಬ ಪ್ರಮಾಣವೇ ಅದಕ್ಕಿಲ್ಲ.

ಗರ್ಭಿಣಿಯರ ರಕ್ತದಲ್ಲಿ ಕಂಡ ಸೀಸವು ಎಲ್ಲಿಂದ ಬಂದಿತೆಂದು ಕಂಡುಹಿಡಿದ ರೀತಿಯು ಗಮನಾರ್ಹವಾದುದು. ಸೀಸದ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಒಂದೊಂದು ಗಣಿಯ ಸೀಸದಲ್ಲಿ ಅವುಗಳ ಪ್ರಮಾಣವು ಒಂದೊಂದು ವಿಧವಾಗಿರುವುದು. ಹಳೆಯ ಕಂಚಿನ, ಬೆಳ್ಳಿಯ ವಸ್ತುಗಳ ಲೋಹವು ಯಾವ ಗಣಿಯದೆಂದು ಹೇಳಲು ಪ್ರಾಕ್ತನಶಾಸ್ತ್ರಜ್ಞರು ಬಳಸುವ ಕ್ರಮವೂ ಇದೇ. ಇದೇ ಕ್ರಮದಿಂದ ರಕ್ತದ ಸೀಸವನ್ನು ತಾಳೆನೋಡಿದಾಗ ಅದು ಅರಿಸಿನದ ಸೀಸಕ್ಕೆ ಹೊಂದಿತು. ಈ ಶೋಧನೆಯು ೨೦೧೯ರಲ್ಲಿ ಪ್ರಕಟವಾದ ಮೇಲೆ ಸರ್ಕಾರವು ಎಚ್ಚರಿಕೆಯಿತ್ತು, ತಪಾಸಣೆ ನಡೆಸಿ, ದಂಡ ವಿಧಿಸಿತು. ಮಾರುಕಟ್ಟೆಯ ಮಾದರಿಗಳಲ್ಲಿ ಆ ವರ್ಷ ನೂರಕ್ಕೆ ೪೭ರಲ್ಲಿ ಸೀಸ ಕಂಡುಬಂದಿದ್ದರೆ, ೨೦೨೧ರಲ್ಲಿ ಒಂದರಲ್ಲಿಯೂ ಕಾಣಲಿಲ್ಲ. ಮನಸ್ಸಿಟ್ಟರೆ ಎರಡೇ ವರ್ಷಗಳಲ್ಲಿ ಕೆಟ್ಟ ಪದ್ಧತಿಯನ್ನು ಅಳಿಸಬಹುದೆಂದು ಇದರಿಂದ ಸಿದ್ಧವಾಗುವುದು.

ಗ್ರಾಮದಲ್ಲಿ ಅನುಸರಿಸತಕ್ಕ ಕ್ರಮ

ಮಂಕಾದ ಅರಿಸಿನವೇ ಬಣ್ಣ ಹಚ್ಚುವ ಆಸೆಗೆ ಮೂಲವಾದುದರಿಂದ, ಸಂಸ್ಕರಣವು ಸರಿಯಾಗಿದ್ದರೆ ಆ ಆಸೆಯೇ ಹುಟ್ಟುವುದಿಲ್ಲ. ಅಗೆದ ಗಡ್ಡೆಯನ್ನು ತೊಳೆದು, ತಾಯಿಗಡ್ಡೆಯನ್ನೂ ಕೊಂಬನ್ನೂ ಬೇರ್ಪಡಿಸಿ, ಎರಡು ಮೂರು ದಿನಗಳೊಳಗಾಗಿ ಕೊಪ್ಪರಿಗೆಯಲ್ಲಿ ಬೇಯಿಸತಕ್ಕದ್ದು. ನೊರೆಯೆದ್ದು, ಬಿಳಿಯ ಹಬೆಯೊಡನೆ ಅರಿಸಿನದ ವಾಸನೆ ಬಂದು, ಬೆರಳಿನಿಂದ ಒತ್ತಿದರೆ ಮೆತ್ತಗಾಗಿರುವಾಗ ಬೇಯುವುದು ಮುಗಿದಿದೆಯೆಂದು ತಿಳಿಯತಕ್ಕದ್ದು. ಹೆಚ್ಚು ಬೆಂದರೆ ಬಣ್ಣ ಕೆಡುವುದು; ಕಡಮೆ ಬೆಂದರೆ ಕೊಂಬು ಒಣಗಿದ ಮೇಲೆ ಪುಡಿಪುಡಿಯಾಗಿ ಮುರಿಯುವುದು. ಅನಂತರ ಚೊಕ್ಕಟವಾದ ಕಣದಲ್ಲಿ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ರಾತ್ರಿ ಗುಡ್ಡೆಮಾಡಿ ಮುಚ್ಚಿ, ಹತ್ತರಿಂದ ಹದಿನೈದು ದಿನ ಒಣಗಿಸತಕ್ಕದ್ದು. ಹದವಾಗಿ ಒಣಗಿದ ಕೊಂಬನ್ನು ಮುರಿದರೆ ಠಣ್ಣೆಂದು ಲೋಹದಂಥ ಶಬ್ದ ಬರುವುದು.

ಪಾಲಿಷ್ ಮಾಡುವ ಸ್ಥಳದಲ್ಲಿ ಹೊಲದ ಒಡೆಯನು ತಾನಾಗಲಿ ತನ್ನ ನಂಬಿಕೆಯವರಾಗಲಿ ಹಾಜರಿರುವುದು ಉತ್ತಮ. ಹೊರಗಿನ ಯಾವ ಬಣ್ಣವನ್ನೂ ಅರಿಸಿನಕ್ಕೆ ಸೇರಿಸುವುದು ಆಹಾರ ಸುರಕ್ಷತೆಯ ಕಾನೂನಿಗೆ ವಿರುದ್ಧವಾದುದು. ಸಂಶಯವಿದ್ದಲ್ಲಿ ಇಡೀ ಕೊಂಬೊಂದನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಬಹುದು. ಕರ್ಕ್ಯುಮಿನ್ ತಣ್ಣೀರಿನಲ್ಲಿ ಕರಗದ ಕಾರಣ ಶುದ್ಧವಾದ ಕೊಂಬು ಬಣ್ಣ ಬಿಡುವುದಿಲ್ಲ. ಮೇಲೆ ಹಚ್ಚಿದ ಪುಡಿಯಿದ್ದರೆ ಅದು ಕೂಡಲೆ ಕಳಚಿ ನೀರು ಹಳದಿಯಾಗುವುದು. ಇದು ಸಂಶಯಕ್ಕೆ ಮಾತ್ರ ಸಾಕು. ನಿಶ್ಚಯವು ಪ್ರಯೋಗಾಲಯದಿಂದಲೇ ಆಗತಕ್ಕದ್ದು. ಅರಿಸಿನದ ಸ್ವಂತ ಬಣ್ಣದಲ್ಲಿ ಲೋಹವಿಲ್ಲವಾದುದರಿಂದ, ಅಲ್ಲಿ ಸೀಸ ಹೆಚ್ಚಾಗಿ ಕಂಡರೆ ಅದು ಹೊರಗಿನಿಂದ ಬಂದುದೆಂದು ರಸಾಯನಜ್ಞನು ತಿಳಿಯುವನು.

ಒಂದು ಗ್ರಾಮದ ಸರಕಿನಲ್ಲಿ ಒಮ್ಮೆ ಸೀಸ ಕಂಡರೆ, ನೆರೆಯ ಹತ್ತು ಗ್ರಾಮಗಳ ನಿರ್ದೋಷಿಯಾದ ಸರಕನ್ನೂ ವರ್ತಕರು ಶಂಕಿಸುವರು. ತೆರಕಣಾಂಬಿ, ಬೇಗೂರು, ಹರದನಹಳ್ಳಿ, ಸಂತೇಮರಹಳ್ಳಿ ಮೊದಲಾದ ಹೋಬಳಿಗಳ ಮುಖಂಡರು ಕೊಯ್ಲಿಗೆ ಮುಂಚೆಯೇ ಬೆಳೆಗಾರರನ್ನೂ ಪಾಲಿಷ್ ಮಾಡುವವರನ್ನೂ ಕೂಡಿಸಿ, ಬಣ್ಣ ಹಚ್ಚುವುದಿಲ್ಲವೆಂದು ಒಪ್ಪಂದ ಮಾಡಿಕೊಳ್ಳುವುದು ಸರ್ವರಿಗೂ ಶ್ರೇಯಸ್ಕರವು. ಭೂಮಿಯು ಕೊಟ್ಟ ಬಣ್ಣವೇ ಸಾಕಾದಷ್ಟಿದೆ. ಅದನ್ನು ಕೆಡದಂತೆ ಮಾರುಕಟ್ಟೆಗೆ ಮುಟ್ಟಿಸುವುದಷ್ಟೇ ಬೆಳೆಗಾರನ ಕೆಲಸವಾಗಿರುವುದು.