ಬೆಲ್ಲ ತಿಂದರೆ ಕಟ್ಟಿಗೆ ಪುಡಿ ಇಳಿದುಹೋಗುತ್ತದೆಯೇ? ಹಿತ್ತಲಲ್ಲಿ ಬಡಿಗತನದ ಶೆಡ್ ಹಾಕುವ ಮುನ್ನ ಇದನ್ನು ಓದಿ

ಯೂಟ್ಯೂಬ್ ನೋಡಿ ಬಡಿಗತನ ಕಲಿಯುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸಕ್ಕೆ ಯಂತ್ರ ಸೇರಿಸಬೇಕು ಎನ್ನುವವರೂ ಇದ್ದಾರೆ. ಧಾರವಾಡ ಜಿಲ್ಲೆಗೆ ಈ ಕೆಲಸ ಹೊಸದೇನಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಇಂದಿಗೂ ದೂರದೂರದಿಂದ ಬೇಡಿಕೆ ಬರುತ್ತದೆ.

ಪಡಸಾಲೆಯಲ್ಲೇ ಕಟ್ಟಿಗೆ ಕೊಯ್ದರೆ ಪುಡಿ ಇಡೀ ಮನೆಗೆ ಹರಡುತ್ತದೆ, ತೊಟ್ಟಿಲಲ್ಲಿ ಮಲಗಿದ ಕೂಸೂ ಅದನ್ನೇ ಉಸಿರಾಡುತ್ತದೆ. ಹಾಗಾಗಿ ಹಿತ್ತಲಲ್ಲಿ ಬೇರೆ ಶೆಡ್ ಹಾಕುವುದು ಒಳ್ಳೆಯ ಯೋಚನೆಯೇ. ಆದರೆ ಹೆಚ್ಚಿನವರು ಮೊದಲು ಯಂತ್ರ ಕೊಳ್ಳುತ್ತಾರೆ, ನೆಲ ಮತ್ತು ಗಾಳಿಯ ಬಗ್ಗೆ ಆಮೇಲೆ ನೋಡೋಣ ಎನ್ನುತ್ತಾರೆ. ಕ್ರಮ ಇದಕ್ಕೆ ಉಲ್ಟಾ ಇರಬೇಕು. ಈ ವಿಷಯದಲ್ಲಿ ಜನರ ಬಾಯಲ್ಲಿ, ಫೋನ್‌ನಲ್ಲಿ ಓಡಾಡುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

1. "ತಗಡಿನ ಶೆಡ್ ತಾನೆ, ಹಗುರ ಇರ್ತದ, ಬುನಾದಿ ಬೇಕಿಲ್ಲ"

ಇದು ತಪ್ಪು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಮಣ್ಣಿನಲ್ಲಂತೂ ಹಗುರ ಕಟ್ಟಡಕ್ಕೇ ಅಪಾಯ ಹೆಚ್ಚು.

ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಇರುತ್ತದೆ. ಅದರ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಕುಗ್ಗುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಡುವುದು ಇದೇ ಕಾರಣಕ್ಕೆ. ಉಬ್ಬುವ ಮಣ್ಣು ಮೇಲಕ್ಕೆ ಒತ್ತುತ್ತದೆ. ಭಾರದ ಕಟ್ಟಡ ಆ ಒತ್ತಡವನ್ನು ಸ್ವಲ್ಪವಾದರೂ ತಡೆಯುತ್ತದೆ, ಹಗುರ ಶೆಡ್ ಎದ್ದುಬಿಡುತ್ತದೆ. ಒಂದು ಮೂಲೆ ಎದ್ದು ಇನ್ನೊಂದು ಕುಸಿದರೆ ಗೋಡೆ ಸೀಳುತ್ತದೆ, ಬಾಗಿಲು ಹಿಡಿಯುತ್ತದೆ, ಗರಗಸದ ಮೇಜಿನ ಮಟ್ಟವೂ ತಪ್ಪುತ್ತದೆ.

ಇದಕ್ಕೆ ಪರಿಹಾರ ಗೊತ್ತಿರುವುದೇ. ಎರಿ ಮಣ್ಣನ್ನು ತೆಗೆದು, ಉಬ್ಬದ ಆದರೆ ಅಂಟುಗುಣವಿರುವ ಗರಸನ್ನು ಪದರ ಪದರವಾಗಿ ಹಾಕಿ, ನೀರು ಹೊಡೆದು ದಮ್ಮಸು ಮಾಡಬೇಕು. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರು ಈ ವಿಧಾನವನ್ನು ಅಭ್ಯಾಸ ಮಾಡಿ ರೂಪಿಸಿದರು. ಮಲಪ್ರಭಾ ಕಾಲುವೆ ಕೆಲಸದಲ್ಲೂ ಇದು ಬಳಕೆಯಾಗಿದೆ. ಇನ್ನೊಂದು ದಾರಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಅಗಲವಾಗಿರುವ ಕಾಂಕ್ರೀಟ್ ಕಂಬ. ಇವನ್ನು ಸಾಮಾನ್ಯವಾಗಿ ಸುಮಾರು ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಮಳೆ–ಬಿಸಿಲಿಗೆ ಮಣ್ಣು ಹೆಚ್ಚು ಅಲುಗದ ಕಡೆಗೆ ಇಳಿಸುತ್ತಾರೆ. ನಿಮ್ಮ ಜಾಗಕ್ಕೆ ಯಾವುದು, ಎಷ್ಟು ಆಳ ಎಂಬುದನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ನಿರ್ಧರಿಸಿ. ಕಲಘಟಗಿ ಕಡೆ ಕೆಂಪು ಮಣ್ಣು ಸಿಕ್ಕಿದರೆ ಈ ತಾಪತ್ರಯ ಕಡಿಮೆ, ಆದರೆ ಅಲ್ಲಿ ಮಳೆ ಹೆಚ್ಚು. ಎಲ್ಲೇ ಇರಲಿ, ತಗಡಿನಿಂದ ಇಳಿಯುವ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ದೋಣಿ ಕಟ್ಟಿ ದೂರ ಹರಿಸಿ.

2. "ಒಮ್ಮೆ ಪೂರ್ತಿ ಒಣಗಿದ ಕಟ್ಟಿಗೆ ಮತ್ತೆ ಉಬ್ಬೂದಿಲ್ಲ"

ಇದೂ ತಪ್ಪು, ಮತ್ತು ಇದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಬೇಸಿಗೆಯಲ್ಲಿ ಕೊಡಲಿಯ ಕಾವು ಸಡಿಲಾದರೆ ಹಿರಿಯರು ಅದನ್ನು ನೀರಿನಲ್ಲಿ ನೆನೆ ಇಡುತ್ತಾರೆ, ಕಾವು ಉಬ್ಬಿ ಬಿಗಿಯಾಗುತ್ತದೆ. ಎಷ್ಟೇ ಹಳೆಯ ಕಟ್ಟಿಗೆಯಾದರೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದದಲ್ಲಿ ವ್ಯತ್ಯಾಸ ಕಾಣಿಸುವುದೇ ಇಲ್ಲ ಎನ್ನಬಹುದು, ಅಗಲದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಸಾಗವಾನಿ ಕಡಿಮೆ ಅಲುಗುತ್ತದೆ, ಅದಕ್ಕೇ ಬಾಗಿಲು–ಕಿಟಕಿಗೆ ಅದರ ಹೆಸರು ದೊಡ್ಡದು. ಹಲಗೆಗಳನ್ನು ನೆಲದಿಂದ ಮೇಲೆ, ನಡುವೆ ಪಟ್ಟಿ ಕೊಟ್ಟು, ಗಾಳಿ ಆಡುವಂತೆ ಒಟ್ಟಿ. ಬಿಸಿಲು ನೇರ ಬೀಳದಿರಲಿ.

ಅಳತೆಯ ಬಗ್ಗೆ ಒಂದು ಮಾತು. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅದನ್ನು ಯಂತ್ರದಲ್ಲಿ ಉದ್ದಕ್ಕೆ ಕೊಯ್ಯಲು ಗರಗಸದ ಹಿಂದೆ 8 ಅಡಿ, ಮುಂದೆ 8 ಅಡಿ ಜಾಗ ಬೇಕು. ಅಂದರೆ 10 ಅಡಿ ಉದ್ದದ ಶೆಡ್‌ನಲ್ಲಿ ಆ ಕೆಲಸ ಆಗದು. ಬಾಗಿಲನ್ನೂ 4 ಅಡಿಗಿಂತ ಅಗಲವಾಗಿ ಇಡಿ.

3. "ಕಟ್ಟಿಗೆ ಪುಡಿ ನೈಸರ್ಗಿಕ. ದಿನಾ ಒಂದು ತುಂಡು ಬೆಲ್ಲ ತಿಂದರೆ ಎದೆಯಿಂದ ಇಳಿದುಹೋಗ್ತದ"

ಈ ನಾಲ್ಕರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ (ಐಎಆರ್‌ಸಿ) 1995ರಲ್ಲೇ ಕಟ್ಟಿಗೆ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಲ್ಲಿ ಮೂಗಿನ ಒಳಭಾಗದ ಕ್ಯಾನ್ಸರ್ ಹೆಚ್ಚು ಕಂಡುಬಂದಿದೆ. ಒಂದು ದಿನ ಪುಡಿ ಕುಡಿದ ಕೂಡಲೇ ಹೀಗಾಗುತ್ತದೆ ಎಂದು ಹೆದರಬೇಕಿಲ್ಲ. ಆದರೆ ಅಸ್ತಮಾ, ಸದಾ ಸೋರುವ ಮೂಗು, ಚರ್ಮದ ತುರಿಕೆ ಅಷ್ಟು ಕಾಲ ಕಾಯುವುದಿಲ್ಲ. ಎಂಡಿಎಫ್ ಹಲಗೆ ಕೊಯ್ದರೆ ಪುಡಿಯ ಜೊತೆ ಅಂಟಿನ ರಾಸಾಯನಿಕವೂ ಸೇರುತ್ತದೆ.

ಹಾಗಾದರೆ ಬೆಲ್ಲ? ಬೆಲ್ಲ ಅನ್ನನಾಳದಿಂದ ಹೊಟ್ಟೆಗೆ ಹೋಗುತ್ತದೆ, ಪುಡಿ ಶ್ವಾಸನಾಳದಿಂದ ಎದೆಗೆ ಹೋಗುತ್ತದೆ. ದಾರಿಗಳೇ ಬೇರೆ. ಈ ನಂಬಿಕೆಗೆ ಬಲ ಕೊಟ್ಟದ್ದು 1994ರಲ್ಲಿ ಪ್ರಕಟವಾದ ಲಖನೌ ವಿಜ್ಞಾನಿಗಳ ಒಂದು ಅಧ್ಯಯನ. ಆದರೆ ಅದು ನಡೆದದ್ದು ಇಲಿಗಳ ಮೇಲೆ, ಕಲ್ಲಿದ್ದಲು ಮತ್ತು ಸಿಲಿಕಾ ಧೂಳಿನೊಂದಿಗೆ. ಬಡಿಗರಿಗೆ ಬೆಲ್ಲವೇ ರಕ್ಷಣೆ ಎಂದು ಅದರಿಂದ ಹೇಳಲಾಗದು. ಬೆಲ್ಲ ತಿನ್ನಿ, ಬೇಡ ಎನ್ನುವುದಿಲ್ಲ, ಆದರೆ ಅದನ್ನು ನಂಬಿ ಮಾಸ್ಕ್ ಬಿಡಬೇಡಿ.

ಕಣ್ಣಿಗೆ ಕಾಣುವ ದಪ್ಪ ಪುಡಿಯನ್ನು ಮೂಗು ತಡೆಯುತ್ತದೆ. ಕಾಣದ ನಯವಾದ ಪುಡಿಯೇ ಒಳಗೆ ಇಳಿಯುವುದು, ಅದಕ್ಕೆ ಮುಖಕ್ಕೆ ಕಟ್ಟಿದ ಟವೆಲ್ ತಡೆಯಲ್ಲ. ಹಾಗಾಗಿ ಹೀಗೆ ಮಾಡಿ:
• ಪುಡಿ ಹುಟ್ಟುವ ಜಾಗದಲ್ಲೇ, ಅಂದರೆ ಯಂತ್ರದ ಬಾಯಿಗೇ ಹೀರುವ ಪೈಪ್ ಜೋಡಿಸಿ.
• ಎದುರುಬದುರು ಕಿಟಕಿ ಇರಲಿ, ಹೊರಗೆಳೆಯುವ ಫ್ಯಾನ್ ಮನೆಯ ಕಡೆ ಮುಖ ಮಾಡದಿರಲಿ.
• ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿ.
• ಒಣ ಪೊರಕೆಯಿಂದ ಗುಡಿಸಬೇಡಿ, ಬ್ಲೋವರ್‌ನಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.
• ಕೆಲಸದ ಅಂಗಿ ಶೆಡ್‌ನಲ್ಲೇ ಬಿಟ್ಟು, ಕೈಕಾಲು ಮುಖ ತೊಳೆದು ಒಳಗೆ ಹೋಗಿ.

4. "ಅಗಸಿ ಎಣ್ಣಿ ಒರೆಸಿದ ಬಟ್ಟೆ ತಾನಾಗೇ ಹೊತ್ತಿಕೊಳ್ತದ"

ಕೇಳಿದರೆ ಸುಳ್ಳು ಅನ್ನಿಸುತ್ತದೆ, ಆದರೆ ಇದು ನಿಜ. ಅಗಸಿ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿ ಹೊರಬಿಡುತ್ತದೆ. ಪಾಲಿಶ್ ಮಾಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ಒಳಗೇ ಏರುತ್ತದೆ, ಕಡೆಗೆ ಕಿಡಿಯಿಲ್ಲದೆ ಬೆಂಕಿ ಹತ್ತಬಹುದು. ಸುತ್ತ ಕಟ್ಟಿಗೆ ಪುಡಿ, ಪಕ್ಕದಲ್ಲಿ ಮೇವಿನ ಬಣವೆ, ಮನೆಯಲ್ಲಿ ಕೂಡಿಟ್ಟ ಹತ್ತಿ ಇದ್ದರೆ ಏನಾಗಬಹುದು ಎಂದು ಊಹಿಸಿ. ಅಂಥ ಬಟ್ಟೆಯನ್ನು ಹೊರಗೆ ಒಂಟಿಯಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ. ಶೆಡ್ ಜಾಗವನ್ನು ಬಣವೆಯಿಂದ ದೂರವೇ ಆರಿಸಿ.

ಕೊನೆಯದಾಗಿ

ಮೊದಲು ಬುನಾದಿ, ನಂತರ ನೀರು ಹರಿಯುವ ದಾರಿ, ನಂತರ ಗಾಳಿ ಮತ್ತು ಪುಡಿಯ ವ್ಯವಸ್ಥೆ, ಸರಿಯಾದ ಅರ್ಥಿಂಗ್ ಇರುವ ವೈರಿಂಗ್. ಯಂತ್ರ ಕೊಳ್ಳುವುದು ಇವೆಲ್ಲ ಆದ ಮೇಲೆ. ದುಡ್ಡು ಸಾಲದಿದ್ದರೆ ಒಂದು ಯಂತ್ರ ಕಡಿಮೆ ಕೊಳ್ಳಿ, ಅದನ್ನು ಮುಂದಿನ ವರ್ಷ ತರಬಹುದು. ಪುಡಿ ಕುಡಿದು ಕೆಟ್ಟ ಎದೆಯನ್ನು ಹಾಗೆ ತರಲಾಗದು.

ನಿಮ್ಮ ಓಣಿಯಲ್ಲಿ ಬಡಿಗತನ ಮಾಡುವವರಿದ್ದರೆ ಬೆಲ್ಲದ ಮೆಸೇಜ್ ಬದಲು ಇದನ್ನು ಕಳಿಸಿ.